ಪಂಚಾಕ್ಷರಿಯ ಹದಿನೈದು ದಿನದ ರಜೆ

ಆ ಗುರುವಾರ ಬೆಳಿಗ್ಗೆ ಉಪ್ಪಿಟ್ಟು ತಳ ಹಿಡಿಯದೆ ಇದ್ದಿದ್ದರೆ ಪಂಚಾಕ್ಷರಿ ತನ್ನ ಪಾಡಿಗೆ ತಾನು ತಿಂದು, ಕೈ ತೊಳೆದು, ಬಸ್ಸು ಹತ್ತಿ ಹೋಗುತ್ತಿದ್ದ. ಆದರೆ ಹಿಡಿಯಿತು. ಹೇಮಲತಾ ತಟ್ಟೆ ಮುಂದಿಡುತ್ತಾ, "ಸ್ವಲ್ಪ ಸೀದಿದೆ ರೀ. ಫೋನ್ ಬಂತು, ಮರೆತ್ಬಿಟ್ಟೆ" ಎಂದಳು.

ಗಂಡನಾದವನು ಇಂಥ ಹೊತ್ತಿನಲ್ಲಿ ಮುಖ ಸಿಂಡರಿಸಬೇಕು, ಇಲ್ಲ 'ಹೋಗ್ಲಿ ಬಿಡು' ಅನ್ನಬೇಕು. ಲೋಕದಲ್ಲಿ ಇವೆರಡೇ ದಾರಿ ಇರುವುದು. ಪಂಚಾಕ್ಷರಿ ಮೂರನೆಯದು ಹಿಡಿದ. ಬಾಯ್ತುಂಬ ನಕ್ಕು, ಎರಡೂ ಹೆಬ್ಬೆರಳು ಎತ್ತಿ, "ಜೇರ್ ಗೂಟ್! ಒಳ್ಳೆ ಪ್ರಯತ್ನ. ಎಲ್ಲರೂ ಚಪ್ಪಾಳೆ ತಟ್ಟಿ. ಈಗ ಇನ್ನೊಂದು ಸಲ ಮಾಡಿ ತೋರಿಸಿ" ಎಂದುಬಿಟ್ಟ.

ಜೇರ್ ಗೂಟ್ ಎಂದರೆ ಜರ್ಮನ್ ಭಾಷೆಯಲ್ಲಿ 'ಬಹಳ ಚೆನ್ನಾಗಿದೆ' ಎಂದರ್ಥ. ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಮಗಳು ತುಮಕೂರಿನಲ್ಲಿ ಹಾಸ್ಟೆಲ್ ಸೇರಿದ್ದಳು. ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ.

ಹೇಮಲತಾ ಎದುರಿನ ಕುರ್ಚಿ ಎಳೆದು ಕೂತಳು. ಜಗಳವಾಡಿದ್ದರೆ ಚೆನ್ನಾಗಿತ್ತು, ಅವಳು ಮೆಲ್ಲಗೆ ಮಾತಾಡಿದಳು.

"ನೀವು ನನ್ನ ಹತ್ರ ಒಂದು ಪೂರ್ತಿ ಮಾತು ಆಡಿ ಮೂರು ತಿಂಗಳಾಯ್ತು ರೀ. ಇವತ್ತು ಬಾಯಿ ಬಿಟ್ರಿ, ಬಂದಿದ್ದು ಇದು. ಆ ಹುಡುಗೀರ ಮುಂದೆ ದಿನಕ್ಕೆ ಹತ್ತು ಗಂಟೆ ನಗ್ತೀರಿ. ಮನೆಗೆ ಬಂದ್ರೆ ಶಟರ್ ಎಳೆದ ಅಂಗಡಿ. ಇವತ್ತು ರಜೆ ಬರೆಸ್ಕೊಂಡು ಬನ್ನಿ. ಇಲ್ದಿದ್ರೆ ನಾನು ದಾವಣಗೆರೆಗೆ ಅಕ್ಕನ ಮನೆಗೆ ಹೋಗ್ತೀನಿ. ಅಲ್ಲಿ ಗೋಡೆಗಾದ್ರೂ ಕಿವಿ ಇರುತ್ತೆ."

ಏನಾದರೂ ಹೇಳಬೇಕು ಅಂತ ಪಂಚಾಕ್ಷರಿಗೂ ಇತ್ತು. ಸೀದ ಉಪ್ಪಿಟ್ಟನ್ನು ಒಂದಗುಳೂ ಬಿಡದೆ ತಿಂದು ಎದ್ದ. ಅವನಿಂದ ಆದ ಕ್ಷಮಾಪಣೆ ಅಷ್ಟೇ.

ಈ ಪಂಚಾಕ್ಷರಿ ಎಲೆಕ್ಟ್ರಾನಿಕ್ ಸಿಟಿಯ ಒಂದು ಭಾಷಾ ಅಕಾಡೆಮಿಯಲ್ಲಿ ಜರ್ಮನ್ ಮೇಷ್ಟ್ರು. ಕೆಳಗೆ ಬೇಕರಿ, ನಡುವೆ ಜಿಮ್ಮು, ಮೇಲೆ ಅಕಾಡೆಮಿ. ಜರ್ಮನಿಯ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗಲಿರುವ ನರ್ಸ್ ಹುಡುಗಿಯರು ಅವನ ವಿದ್ಯಾರ್ಥಿಗಳು. ಹನ್ನೆರಡು ವರ್ಷದಿಂದ, ಮೂರು ತಿಂಗಳಿಗೊಮ್ಮೆ, ಹೊಸ ಬ್ಯಾಚಿನೆದುರು ನಿಂತು "ನನ್ನ ಹೆಸರು ಪಂಚಾಕ್ಷರಿ, ನಿಮ್ಮ ಹೆಸರೇನು?" ಎಂದು ಶುರು ಮಾಡುತ್ತಿದ್ದಾನೆ. ಹುಡುಗಿಯರು ಮೊದಲನೇ ಪಾಠ ದಾಟಿ, ಪುಸ್ತಕ ದಾಟಿ, ಸಮುದ್ರವನ್ನೂ ದಾಟಿ ಹೋಗುತ್ತಾರೆ. ಮೇಷ್ಟ್ರು ವಾಪಸ್ಸು ಮೊದಲನೇ ಪಾಠಕ್ಕೆ. ಬರ್ಲಿನ್ನಿನಲ್ಲಿ ಬ್ರೆಡ್ ಕೊಳ್ಳುವುದು ಹೇಗೆಂದು ಸಾವಿರ ಜನಕ್ಕೆ ಹೇಳಿಕೊಟ್ಟವನು ವಿಮಾನ ನೋಡಿದ್ದು ಚಂದಾಪುರದ ತನ್ನ ಅಪಾರ್ಟ್‌ಮೆಂಟಿನ ತಾರಸಿಯಿಂದ ಮಾತ್ರ.

ಅಕಾಡೆಮಿಯ ತರಗತಿಯಲ್ಲಿ ಕನ್ನಡ ಆಡುವ ಹಾಗಿಲ್ಲ, ಇಂಗ್ಲಿಷೂ ಆಡುವ ಹಾಗಿಲ್ಲ. ಹುಡುಗಿಯರಿಗೆ ತಿಳಿಯದಿದ್ದರೆ ಮೇಷ್ಟ್ರು ಅಭಿನಯಿಸಿ ತೋರಿಸಬೇಕು. ಹೊಟ್ಟೆನೋವು, ರೈಲು, ಜಡಿಮಳೆ, ಹೆರಿಗೆ, ಎಲ್ಲವನ್ನೂ ನಲವತ್ನಾಲ್ಕು ವರ್ಷದ, ವಿಭೂತಿ ಹಚ್ಚಿದ ಈ ಮನುಷ್ಯ ದಿನಾ ಮಾಡಿ ತೋರಿಸುತ್ತಾನೆ. ಅದೂ ನಗುನಗುತ್ತಾ. ತಪ್ಪು ಹೇಳಿದವರಿಗೆ 'ಬಹಳ ಚೆನ್ನಾಗಿದೆ', ಇನ್ನೂ ತಪ್ಪು ಹೇಳಿದವರಿಗೆ 'ಅದ್ಭುತ'. ಹೀಗೆ ದಿನವಿಡೀ ಕುಣಿದು ಮನೆಗೆ ಬಂದರೆ ಒಳಗೆ ಏನೂ ಉಳಿದಿರುತ್ತಿರಲಿಲ್ಲ. ಹೆಂಡತಿಯ ಮೇಲೆ ಪ್ರೀತಿ ಕಮ್ಮಿಯಾಗಿತ್ತು ಅಂತಲ್ಲ. ಅದನ್ನು ಹೇಳುವ ನಾಲಿಗೆಯೇ ಸತ್ತುಬಿದ್ದಿತ್ತು. ಇನ್ನು ಸ್ವಲ್ಪ ದಿನ ಹೀಗೇ ಹೋದರೆ ಅದು ಏಳುವುದೇ ಇಲ್ಲವೇನೋ ಎಂದು ಅವನಿಗೆ ಭಯವಾಗತೊಡಗಿತ್ತು.

ಕೆಳಗಿಳಿದರೆ ಗೇಟಿನ ಬಳಿ ನೆಲಮಹಡಿಯ ವೆಂಕಟಮ್ಮ ಹೂ ಕಟ್ಟುತ್ತಾ ಕೂತಿದ್ದರು. ಇಡೀ ಕಟ್ಟಡದ ಸಂಸಾರಗಳ ಉಸಾಬರಿ ಅವರದೇ.

"ಏನ್ ಮೇಷ್ಟ್ರೇ, ಎಂಡ್ರನ್ನ ಅಳಿಸಿ ಓಯ್ತಾ ಇದೀರಾ?"

"ಇಲ್ಲ ವೆಂಕಟಮ್ಮನೋರೇ, ಅದು..."

"ಅವಳು ದಿನಾ ಸಾಯಂಕಾಲ ನನ್ನತ್ರ ಬಂದು ಕೂತ್ಕತಾಳೆ. ಯಾಕೇಳಿ? ನಂಗಾದ್ರೂ ಬಾಯಿ ಐತೆ. ಊರಿಗೆಲ್ಲ ಮಾತು ಕಲಿಸ್ತೀರಿ, ಮನೇಲಿ ಮೂಗ. ಇಂಗಾದ್ರೆ ಅವಳು ಓಯ್ತಾಳೆ ನೋಡಿ, ನಾನೇ ಬಸ್ಸತ್ತಿಸ್ತೀನಿ."

ಪಂಚಾಕ್ಷರಿ ಅವರಿಗೂ ನಕ್ಕು ತಲೆಯಾಡಿಸಿದ. ಹಾಳು ನಗು, ಕರೆಯದೆ ಬರುತ್ತಿತ್ತು.

ರಜೆ ಸಿಗುವುದೇನೂ ಸುಲಭವಾಗಿರಲಿಲ್ಲ. ಅಕಾಡೆಮಿಯ ಯಜಮಾನರು ಹನುಮಂತರಾಯಪ್ಪ. ಆನೇಕಲ್ ಕಡೆಯವರು, ಮೊದಲು ಬೋರ್‌ವೆಲ್ ಕೊರೆಸುತ್ತಿದ್ದವರು. ನೀರು ಬರುವ ತನಕ ಕೊರೆಯಬೇಕು ಎಂಬ ಪಾಠವನ್ನು ಅವರು ಮೇಷ್ಟ್ರುಗಳ ಮೇಲೂ ಪ್ರಯೋಗಿಸುತ್ತಿದ್ದರು. ಎರಡು ದಿನಕ್ಕಿಂತ ಹೆಚ್ಚು ರಜೆ ಕೊಟ್ಟ ಚರಿತ್ರೆಯೇ ಇಲ್ಲ. ಆದರೆ ಈಚೆಗೆ ನರ್ಸುಗಳನ್ನು ಕರೆಸಿಕೊಳ್ಳುವ ವಿದೇಶಿ ಏಜೆನ್ಸಿಯವರು, ನಿಮ್ಮಲ್ಲಿ ಮೇಷ್ಟ್ರುಗಳ ಮನಸ್ಸಿನ ಆರೋಗ್ಯ ನೋಡಿಕೊಳ್ಳುವವರು ಇರಲೇಬೇಕು ಎಂದು ಷರತ್ತು ಹಾಕಿದ್ದರು. ಹಾಗಾಗಿ ಸ್ಫೂರ್ತಿ ಎಂಬ ಕೌನ್ಸೆಲರ್ ಬಂದು ಒಂದು ತಿಂಗಳಾಗಿತ್ತು. ಅವರು ಇಪ್ಪತ್ತು ಪ್ರಶ್ನೆ ಕೇಳಿ, 'ಈ ವ್ಯಕ್ತಿ ಪೂರಾ ದಣಿದಿದ್ದಾರೆ' ಎಂದು ಬರೆದುಕೊಟ್ಟರೆ ಹದಿನೈದು ದಿನದ ರಜೆ, ಸಂಬಳದ ಸಮೇತ. ಯಜಮಾನರೂ ಇಲ್ಲ ಎನ್ನುವಂತಿಲ್ಲ. ಪಂಚಾಕ್ಷರಿಗೆ ಆ ದಿನ ಹನ್ನೆರಡು ಗಂಟೆಗೆ ಸಮಯ ಸಿಕ್ಕಿತು.

ಸುದ್ದಿ ಸ್ಟಾಫ್ ರೂಮಿಗೆ ಅವನಿಗಿಂತ ಮೊದಲೇ ತಲುಪಿತ್ತು.

"ಗುರು, ಇದು ಓರಲ್ ಎಕ್ಸಾಮು" ಎಂದ ಜಪಾನೀಸ್ ಮೇಷ್ಟ್ರು ವೀರೇಶ್. "ತಯಾರಿ ಇಲ್ದೆ ಹೋದ್ರೆ ಫೇಲು. ಬಾ, ಮಾಕ್ ಟೆಸ್ಟ್ ಮಾಡೋಣ."

ಭಾಷೆ ಕಲಿಸುವವರ ಹಣೆಬರಹವೇ ಇಷ್ಟು. ಸಾಯುವಾಗಲೂ ಮಾದರಿ ಉತ್ತರ ಬರೆದುಕೊಂಡು ಹೋಗುವ ಜನ. ವೀರೇಶ್ ಪರೀಕ್ಷಕನಾಗಿ ಕೂತ, ವಿಜಯಪುರದ ಕಡೆಯ ಇಂಗ್ಲಿಷ್ ಮೇಡಂ ಮಹಾದೇವಿ ಪಕ್ಕದಲ್ಲಿ ತಪ್ಪು ಹಿಡಿಯಲು ನಿಂತರು.

"ನಿಮಗೆ ಕೆಲಸದ ಬಗ್ಗೆ ಹೇಗನ್ಸುತ್ತೆ?" ವೀರೇಶ್ ಗಂಭೀರವಾಗಿ ಕೇಳಿದ.

"ತುಂಬ ಸುಸ್ತಾಗುತ್ತೆ" ಎಂದ ಪಂಚಾಕ್ಷರಿ, ಹಲ್ಲು ತೋರಿಸುತ್ತಾ.

"ಅಯ್ಯ, ನಗಬ್ಯಾಡ್ರಿ ಸರ!" ಮಹಾದೇವಿ ಹಣೆ ಚಚ್ಚಿಕೊಂಡರು. "ಸುಸ್ತಾಗೇದ ಅಂತ ಹೇಳೋರು ಹಂಗ ಮದಿವಿ ಮನಿ ಬಾಗಲಾಗ ನಿಂತೋರಂಗ ನಗ್ತಾರೇನ್ರಿ?"

ಎರಡನೇ ಸಲ ಕೇಳಿದಾಗಲೂ ನಕ್ಕ. ಮೂರನೇ ಸಲ ತುಟಿಯನ್ನು ಕೈಯಿಂದಲೇ ಹಿಡಿದುಕೊಂಡ. ನಗು ಕೆನ್ನೆಗೆ ಹತ್ತಿತು. ಒಳಗೆ ಮಾತ್ರ ಅಳು ಬರುವಷ್ಟು ಬೇಸರ. ಮುಖಕ್ಕೂ ಮನಸ್ಸಿಗೂ ಇದ್ದ ತಂತಿ ಎಲ್ಲೋ ಕಡಿದುಹೋಗಿತ್ತು.

"ಇದು ರೋಗ ಕಣೋ ಗುರು" ಎಂದ ವೀರೇಶ್, ಮೊದಲ ಸಲ ತಮಾಷೆ ಬಿಟ್ಟು. "ಮೊನ್ನೆ ನಾನು ಟ್ರಾಫಿಕ್ ಪೊಲೀಸ್‌ಗೆ ಬಗ್ಗಿ ನಮಸ್ಕಾರ ಮಾಡಿ ಥ್ಯಾಂಕ್ಸ್ ಹೇಳ್ಬಿಟ್ಟೆ, ಫೈನ್ ಹಾಕಿದ್ದಕ್ಕೆ."

ಕೊನೆಗೆ ಮಹಾದೇವಿಯೇ ಉಪಾಯ ಹೇಳಿದರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕೌನ್ಸೆಲರ್ ಕೋಣೆಯ ಬಾಗಿಲಲ್ಲೇ ಅವನನ್ನು ತಡೆದು, ಬ್ಯಾಗಿನಿಂದ ತಲೆನೋವಿನ ಬಾಮು ತೆಗೆದು, ಎರಡೂ ಕಣ್ಣಿನ ಕೆಳಗೆ ದಪ್ಪಗೆ ಬಳಿದರು. "ಬಾಯಿ ನಕ್ಕರ ನಗ್ಲಿ ಬಿಡ್ರಿ. ಕಣ್ಣರ ಅಳ್ತಾವು. ಹೋಗ್ರಿ ಒಳಗ."

ಸ್ಫೂರ್ತಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಕಣ್ಣ ಸುತ್ತ ಕಪ್ಪು, ಮುಂದೆ ಕಾಗದದ ರಾಶಿ. ಕೂತುಕೊಳ್ಳಿ ಎಂದು ಕೈ ತೋರಿಸಿ, ಫಾರಮು ತೆಗೆದು ಮೊದಲನೇ ಪ್ರಶ್ನೆ ಓದಿದಳು. "ಬೆಳಿಗ್ಗೆ ಎದ್ದ ತಕ್ಷಣ... ಅಯ್ಯೋ ಮತ್ತೆ ಕೆಲಸಕ್ಕೆ ಹೋಗ್ಬೇಕಲ್ಲ... ಅಂತ..." ಓದುತ್ತಾ ಓದುತ್ತಾ ಅವಳ ದನಿ ತಡವರಿಸಿ ನಿಂತಿತು.

ಎದುರಿಗಿದ್ದವರು ತಡವರಿಸಿದರೆ ಜರ್ಮನ್ ಮೇಷ್ಟ್ರು ಏನು ಮಾಡುತ್ತಾರೆ? ಪಂಚಾಕ್ಷರಿ ಮುಂದಕ್ಕೆ ಬಾಗಿ, ತಲೆಯಾಡಿಸಿ, ಕಣ್ಣರಳಿಸಿ, "ನಿಧಾನ, ನಿಧಾನ. ಬಹಳ ಚೆನ್ನಾಗಿ ಕೇಳ್ತಾ ಇದೀರಿ" ಎಂದ.

ಸ್ಫೂರ್ತಿ ತಲೆಯೆತ್ತಿದಳು. "ಚೆನ್ನಾಗಿ ಕೇಳ್ತಿದೀನಾ? ನನಗೆ ಯಾರೂ ಹಾಗೆ ಹೇಳಿರ್ಲಿಲ್ಲ ಸಾರ್." ಆಮೇಲೆ ಫಾರಮು ನೋಡಿ, ಮೆತ್ತಗೆ, "ಈ ಪ್ರಶ್ನೆಗೆ ನನ್ನನ್ನ ಕೇಳಿದ್ರೆ, ಹೌದು ಅಂತೀನಿ" ಎಂದಳು.

"ಪೂರ್ತಿ ವಾಕ್ಯದಲ್ಲಿ ಹೇಳಿ" ಎಂದ ಪಂಚಾಕ್ಷರಿ.

ಅವನು ಬೇಕೆಂದು ಹೇಳಿದ್ದಲ್ಲ, ದೇವರಾಣೆ. ಹನ್ನೆರಡು ವರ್ಷದ ಚಾಳಿ, ಅರ್ಧ ಉತ್ತರ ಕೇಳಿದರೆ ಬಾಯಿಂದ ಅದೇ ಬೀಳುತ್ತಿತ್ತು. ಆದರೆ ಅಷ್ಟೇ ಸಾಕಾಯಿತು. ಕಟ್ಟೆ ಒಡೆಯಿತು.

ಸ್ಫೂರ್ತಿ ಪೂರ್ತಿ ವಾಕ್ಯದಲ್ಲಿ ಹೇಳಿದಳು. ಒಂದು ವಾಕ್ಯವಲ್ಲ, ಐವತ್ತು ನಿಮಿಷದ ವಾಕ್ಯ. ಬೆಳಿಗ್ಗೆ ವೈಟ್‌ಫೀಲ್ಡಿನಿಂದ ಎರಡು ಗಂಟೆ ಬಸ್ಸು. ಬಂದರೆ ಎಲ್ಲರ ದುಃಖ. ಕೇಳಿ ಕೇಳಿ ರಾತ್ರಿ ಊಟ ಇಳಿಯುವುದಿಲ್ಲ. ಹುಟ್ಟುಹಬ್ಬದ ದಿನ ಅಮ್ಮ ಫೋನ್ ಮಾಡಿ ಹೇಗಿದೀಯ ಅಂದರೆ, 'ಹಾಗೆ ಕೇಳಿದಾಗ ನಿಮಗೆ ಏನನ್ಸುತ್ತೆ?' ಎಂದು ಕೆಲಸದ ಚಾಳಿಯಲ್ಲಿ ಕೇಳಿಬಿಟ್ಟಳಂತೆ. ಅಮ್ಮ ಅಂದಿನಿಂದ ಫೋನ್ ಮಾಡಿಲ್ಲವಂತೆ. ನಡುನಡುವೆ ಪಂಚಾಕ್ಷರಿ 'ಮೇಡಂ, ನನ್ನ ವಿಷಯ' ಎನ್ನಲು ಬಾಯಿ ತೆರೆದ. ಬಂದದ್ದು ಮಾತ್ರ "ಅದ್ಭುತ. ಆಮೇಲೆ?" ಅಷ್ಟರಲ್ಲಿ ಬಾಮು ತನ್ನ ಕೆಲಸ ಶುರು ಮಾಡಿತು. ಕಣ್ಣುಗಳು ಉರಿದು ಧಾರಾಕಾರ ಸುರಿಯತೊಡಗಿದವು.

ಸ್ಫೂರ್ತಿ ಮಾತು ನಿಲ್ಲಿಸಿ ಅವನನ್ನೇ ನೋಡಿದಳು. "ನನಗೋಸ್ಕರ ಅಳ್ತಿದೀರಾ ಸಾರ್?"

"ಅಲ್ಲ ಮೇಡಂ, ಇದು..."

"ಬೇಡ, ಹೇಳ್ಬೇಡಿ" ಎಂದು ಅವಳೂ ಅತ್ತಳು. ಟಿಶ್ಯೂ ಡಬ್ಬಿಯನ್ನು ಇಬ್ಬರೂ ಸೇರಿ ಖಾಲಿ ಮಾಡಿದರು. ಇಪ್ಪತ್ತು ಪ್ರಶ್ನೆಗಳಲ್ಲಿ ಒಂದನ್ನೂ ಅವನಿಗೆ ಪೂರ್ತಿ ಕೇಳಿರಲಿಲ್ಲ. ಆದರೂ ಏಳುವಾಗ ಅವಳು ಅವನ ಎರಡೂ ಕೈ ಹಿಡಿದು, "ಏನು ಬರೀಬೇಕು ಅಂತ ನನಗೆ ಗೊತ್ತಾಯ್ತು ಸಾರ್. ಈಗಲೇ ಬರೆದುಕೊಡ್ತೀನಿ" ಎಂದಾಗ ಪಂಚಾಕ್ಷರಿಯ ಎದೆ ಹಗುರಾಯಿತು.

ಮೂರು ಗಂಟೆಗೆ ಯಜಮಾನರಿಂದ ಕರೆ ಬಂತು. ತರಗತಿಯಲ್ಲಿ ಹೊಟ್ಟೆನೋವು ಅಭಿನಯಿಸುತ್ತಿದ್ದವನು ಅರ್ಧಕ್ಕೇ ಎದ್ದು ಓಡಿದ.

"ಬನ್ನಿ ಮೇಷ್ಟ್ರೇ" ಎಂದರು ಹನುಮಂತರಾಯಪ್ಪ, ಕಾಗದ ಮೇಲೆತ್ತಿ. "ಮೇಡಮ್ಮು ಸರ್ಟಿಫಿಕೇಟ್ ಬರ್ದವ್ರೆ. ಪೂರಾ ದಣಿದವ್ರೆ ಅಂತ. ಅದಿನೈದು ದಿನ ರಜ."

"ಸಾರ್!" ಪಂಚಾಕ್ಷರಿ ಕೈ ಮುಗಿದ. ಮನಸ್ಸು ಆಗಲೇ ಚಂದಾಪುರದ ಬಸ್ಸು ಹತ್ತಿ ಕೂತಿತ್ತು. ಬಾಗಿಲು ತೆಗೆಯುವ ಹೇಮಾಳಿಗೆ ಮೊದಲು ಯಾವ ಮಾತು ಹೇಳುವುದು ಎಂದು ಯೋಚಿಸುತ್ತಿತ್ತು.

"ಅವರಿಗೇ" ಎಂದರು ಯಜಮಾನರು.

"ಸಾರ್?"

"ಅವರ ಎಸರಿಗೆ ಅವರೇ ಬರ್ಕೊಂಡವ್ರೆ ಕಣ್ರೀ. ಅಂಗೆ ಬರ್ಕೋಬಾರ್ದು ಅಂತ ರೂಲ್ಸಲ್ಲಿ ಎಲ್ಲೂ ಇಲ್ಲ, ನಾನೂ ಉಡುಕ್ದೆ. ಆಗ್ಲೇ ಗಾಡಿ ಅತ್ತಿ ಓದ್ರು. ನಿಮ್ ಬಗ್ಗೆ ಬೇರೆ ಬರ್ದವ್ರೆ, ಕೇಳಿ." ಕನ್ನಡಕ ಏರಿಸಿಕೊಂಡು ಓದಿದರು. "'ಇಷ್ಟು ಸಮಾಧಾನದ ಮನುಷ್ಯನನ್ನು ನಾನು ಕಂಡಿಲ್ಲ. ಇವರಿಗೆ ರಜೆಯ ಅಗತ್ಯ ಇಲ್ಲ. ಮನಸ್ಸು ಕಲ್ಲುಬಂಡೆಯ ಹಾಗೆ ಗಟ್ಟಿಯಾಗಿದೆ.' ಬಂಡೆ ವಿಷ್ಯ ನಂಗೆ ಗೊತ್ತು ಮೇಷ್ಟ್ರೇ. ಅಂಥದ್ದು ಸಿಗೋದು ಕಷ್ಟ."

"ಸಾರ್, ನಿಜ ಏನಂದ್ರೆ..."

"ನಾಳೆ ಏಜೆನ್ಸಿಯೋರು ತಪಾಸಣೆಗೆ ಬತ್ತಾವ್ರೆ. ಕೌನ್ಸೆಲಿಂಗ್ ರೂಮು ಖಾಲಿ ಇರಂಗಿಲ್ಲ. ಕ್ಲಾಸ್ ಮುಗಿಸ್ಕೊಂಡು ಇವತ್ತಿಂದ ನೀವೇ ಕೂತ್ಕಳಿ. ಮೇಡಮ್ಮು ಬರಗಂಟ ಅಷ್ಟೇ."

ನನ್ನ ಕೈಲಿ ಆಗುವುದಿಲ್ಲ ಎಂದು ಕೂಗಬೇಕು ಅನ್ನಿಸಿತು. ಒಳಗೆ ಕೂಗಿದ ಕೂಡ. ಹೊರಗೆ ಬಾಯಿ ಅಗಲವಾಗಿ ನಕ್ಕು, "ಆಯ್ತು ಸಾರ್" ಎಂದಿತು.

ಐದು ಗಂಟೆಗೆ ಅವನು ಸ್ಫೂರ್ತಿಯ ಕುರ್ಚಿಯಲ್ಲಿ ಕೂತ. ಎದುರು ಗೋಡೆಯ ಮೇಲೆ ಒಂದು ಫಲಕ: 'ಕೌನ್ಸೆಲರ್ ತನ್ನ ಸ್ವಂತ ವಿಷಯ ಮಾತಾಡಬಾರದು. ಬಂದವರ ಮಾತಿಗೆ ಅಡ್ಡ ಬರಬಾರದು.' ಮೇಜಿನ ಮೇಲಿನ ಪಟ್ಟಿಯಲ್ಲಿ 'ಐದಕ್ಕೆ: ಸಿಬ್ಬಂದಿಯ ಮನೆಯವರು' ಎಂದಷ್ಟೇ ಇತ್ತು. ಮೇಷ್ಟ್ರುಗಳ ಸಂಸಾರದವರೂ ಬಂದು ಹೇಳಿಕೊಳ್ಳಬಹುದು ಎಂದು ಸ್ಫೂರ್ತಿ ಎಲ್ಲರ ಮನೆಗೂ ಮೆಸೇಜು ಕಳಿಸಿದ್ದಳಂತೆ. ಯಾವ ಬಡಪಾಯಿಯ ಹೆಂಡತಿಯೋ ಎಂದುಕೊಳ್ಳುತ್ತಿರುವಾಗ ಬಾಗಿಲು ತೆರೆಯಿತು.

ಹೇಮಲತಾ ನಿಂತಿದ್ದಳು. ಹಬ್ಬಕ್ಕೆ ಉಡುವ ಸೀರೆ, ಕೈಯಲ್ಲಿ ಒಂದು ಚೀಟಿ.

"ನೀವಾ?" ಎಂದಳು. "ಕೌನ್ಸೆಲರ್ ಎಲ್ಲಿ?"

"ರಜೆ."

"ನಿಮ್ಮ ರಜೆ?"

"ಅವರಿಗೆ ಹೋಯ್ತು."

ಹೇಮಲತಾ ಎರಡು ಗಳಿಗೆ ಬಾಗಿಲಲ್ಲೇ ನಿಂತಳು. ತಿರುಗಿ ಹೋಗುತ್ತಾಳೆ, ದಾವಣಗೆರೆಯ ಬಸ್ಸೇ ಹತ್ತುತ್ತಾಳೆ ಎಂದು ಅವನು ಅಂದುಕೊಂಡ. ಅವಳು ಒಳಗೆ ಬಂದು, ಕುರ್ಚಿ ಎಳೆದು, ಸೆರಗು ಸರಿಮಾಡಿಕೊಂಡು ಕೂತಳು. "ಎರಡು ವಾರ ಯೋಚಿಸಿ ತಗೊಂಡ ಟೈಮು. ವೆಂಕಟಮ್ಮನೋರು ಗೇಟಿನ ತನಕ ಬಂದು ಕಳಿಸಿದಾರೆ. ಹೇಳದೆ ಹೋಗಲ್ಲ."

"ಹೇಮಾ, ನಾನೇ ಹೇಳ್ತೀನಿ..."

ಅವಳು ಸುಮ್ಮನೆ ಫಲಕದ ಕಡೆ ಬೆರಳು ತೋರಿಸಿ, ಬರೆದುಕೊಂಡು ಬಂದಿದ್ದ ಚೀಟಿ ಬಿಡಿಸಿದಳು.

"ನಮ್ಮನೆಯವರು ಕೆಟ್ಟವರಲ್ಲ ಸಾರ್. ಮೊದಲೆಲ್ಲ ಬಸ್ಸಲ್ಲಿ ಯಾರು ಯಾರ ಜೊತೆ ಜಗಳ ಆಡಿದ್ರು ಅನ್ನೋದನ್ನೂ ಬಂದು ಹೇಳೋರು, ದನಿ ಮಾಡಿ ತೋರಿಸೋರು. ನಾನು ಒಲೆ ಆರಿಸಿ ಕೂತು ಕೇಳ್ತಿದ್ದೆ. ಈಗ ಮನೆಗೆ ಬರೋದು ಅವರ ಬ್ಯಾಗು ಮಾತ್ರ. ಸಾಯಂಕಾಲ ಟಿವಿ ಹಾಕ್ಕೊಂಡು ಕೂತಿರ್ತೀನಿ. ಅದ್ರಲ್ಲಿ ಯಾರೋ ಯಾರನ್ನೋ 'ಊಟ ಆಯ್ತಾ' ಅಂತಾರೆ. ನಾನು 'ಇನ್ನೂ ಇಲ್ಲ' ಅಂತೀನಿ. ಮೊನ್ನೆ ಹಾಗಂದಾಗ ನನಗೇ ಹೆದರಿಕೆ ಆಯ್ತು ಸಾರ್."

ಪಂಚಾಕ್ಷರಿಯ ಕಣ್ಣು ತುಂಬಿದವು. ಈ ಸಲ ಬಾಮಿನ ಪಾಲು ಅದರಲ್ಲಿ ಇರಲಿಲ್ಲ. ಮುಖವೂ ನಗಲಿಲ್ಲ. ಅವಳು ಮುಕ್ಕಾಲು ಗಂಟೆ ಮಾತಾಡಿದಳು, ಅವನು ಮುಕ್ಕಾಲು ಗಂಟೆ ಕೇಳಿದ. ಇವಳ ಎಡಗೈಯ ಸುಟ್ಟ ಗಾಯ ಯಾವಾಗಿನದು, ಮಗಳು ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದ್ದು ಯಾವಾಗ, ಒಂದೂ ಅವನಿಗೆ ತಿಳಿದಿರಲಿಲ್ಲ. ಮಾತು ಮುಗಿಸುವ ಹೊತ್ತಿಗೆ ಹೇಮಲತಾಳ ಮುಖ ತೊಳೆದ ಹಾಗಿತ್ತು. "ಅಬ್ಬ" ಎಂದು ಉಸಿರು ಬಿಟ್ಟು, ಎಷ್ಟೋ ದಿನದ ಮೇಲೆ ನಕ್ಕಳು. ಸತ್ತಿದ್ದ ನಾಲಿಗೆ ಎಲ್ಲೋ ಮಿಸುಕಾಡಿದಂತೆ ಪಂಚಾಕ್ಷರಿಗೂ ಅನ್ನಿಸಿತು. ಇವತ್ತು ಇಬ್ಬರೂ ಒಟ್ಟಿಗೆ ಬಸ್ಸಿಗೆ ಹೋಗೋಣ, ಚಂದಾಪುರ ಬರುವಷ್ಟರಲ್ಲಿ ಎಲ್ಲ ಹೇಳಿಬಿಡೋಣ ಎಂದುಕೊಂಡ.

ಹೊರಗೆ ಬಂದ ಹೇಮಲತಾಳ ಕೈಗೆ ರಿಸೆಪ್ಷನ್ನಿನ ಹುಡುಗಿ ಒಂದು ಅಭಿಪ್ರಾಯದ ಹಾಳೆ ಕೊಟ್ಟಳು. ಬಂದವರೆಲ್ಲ ತುಂಬಲೇಬೇಕು. ಮನಸ್ಸು ಹಗುರಾಗಿದ್ದ ಹೆಂಗಸು. ಗಂಡನಿಗೆ ಯಜಮಾನರ ಹತ್ತಿರ ಒಳ್ಳೆ ಹೆಸರು ಬಂದರೆ ರಜೆಯಾದರೂ ಸಿಕ್ಕೀತು ಎಂಬ ಆಸೆ ಬೇರೆ. ಐದಕ್ಕೆ ಐದೂ ನಕ್ಷತ್ರ ಕೊಟ್ಟು, ಕೆಳಗೆ ದುಂಡಗೆ ಬರೆದಳು: 'ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಎಲ್ಲೂ ಸಿಗುವುದಿಲ್ಲ. ಇವರನ್ನು ಬಿಡಬೇಡಿ.'

ಆ ಹಾಳೆ ಹನುಮಂತರಾಯಪ್ಪನವರ ಕೈ ಸೇರಲು ಎರಡು ನಿಮಿಷ ಹಿಡಿಯಿತು. ಬ್ಯಾಗು ಹೆಗಲಿಗೇರಿಸಿ ಹೊರಟಿದ್ದ ಪಂಚಾಕ್ಷರಿಯನ್ನು ಅವರು ಬಾಗಿಲಲ್ಲೇ ತಬ್ಬಿಕೊಂಡರು. ಹೇಮಲತಾ ಯಾರೆಂದು ಅವರಿಗೆ ಗೊತ್ತಿರಲಿಲ್ಲ.

"ಎಲ್ಲಿಗ್ ಓಗ್ತೀರಿ ಮೇಷ್ಟ್ರೇ! ನೋಡಿ ಈಯಮ್ಮ ಏನ್ ಬರ್ದವ್ರೆ. ನಾನಂತೂ ಬಿಡಲ್ಲ. ಆ ಮೇಡಮ್ಮು ವಾಪಸ್ ಬರೋದೇ ಬ್ಯಾಡ ಅಂತ ಏಳ್ಬುಡ್ತೀನಿ. ಬೆಳಗ್ಗೆಯಿಂದ ಕ್ಲಾಸು, ಐದರಿಂದ ಒಂಬತ್ತು ಕೌನ್ಸೆಲಿಂಗು. ಪರ್ಮನೆಂಟು! ನೋಡಿ, ಆಗ್ಲೇ ಕ್ಯೂ ನಿಂತೈತೆ."

ನಿಜವಾಗಿಯೂ ಕ್ಯೂ ನಿಂತಿತ್ತು. ವೀರೇಶ್ ಮುಂದೆ, ಮಹಾದೇವಿ ಅವನ ಹಿಂದೆ, ಅವರ ಹಿಂದೆ ಜಿಮ್ಮಿನಿಂದ ಹತ್ತಿ ಬಂದ ಇಬ್ಬರು. ಯಜಮಾನರು ಪಂಚಾಕ್ಷರಿಯ ಹೆಗಲಿನ ಬ್ಯಾಗು ಇಳಿಸಿ, ಪ್ರೀತಿಯಿಂದ ಅವನನ್ನು ಒಳಗೆ ತಳ್ಳಿದರು. ವೀರೇಶ್ ಬಂದು ಎದುರಿಗೆ ಕೂತು, "ಗುರು, ಎಲ್ಲಿಂದ ಶುರು ಮಾಡ್ಲಿ?" ಎಂದ.

ತೆರೆದ ಬಾಗಿಲಿನಾಚೆ ಹೇಮಲತಾ ಕಾಣುತ್ತಿದ್ದಳು. ಪೆನ್ನು ಇನ್ನೂ ಕೈಯಲ್ಲೇ ಇತ್ತು. ತಾನು ಬರೆದದ್ದು ಏನಾಯಿತು ಎಂದು ಅವಳಿಗೆ ಅರ್ಥವಾಗುತ್ತಿರುವುದು ಮುಖದಲ್ಲೇ ತಿಳಿಯುತ್ತಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ, ದಾವಣಗೆರೆಯ ಹೆಸರೂ ಎತ್ತಲಿಲ್ಲ. ರಿಸೆಪ್ಷನ್ನಿನ ಹುಡುಗಿಯ ಕಡೆ ತಿರುಗಿದಳು.

"ಮುಂದಿನ ಗುರುವಾರ ಐದು ಗಂಟೆ ಖಾಲಿ ಇದೆಯೇನಮ್ಮ?"

"ಇದೆ ಮೇಡಂ."

"ಅದು ಬರ್ಕೋ. ಅದರ ಮುಂದಿನ ಗುರುವಾರಾನೂ ಬರ್ಕೊಂಬಿಡು."

"ಸಮಸ್ಯೆ ಏನಂತ ಬರೀಲಿ ಮೇಡಂ?"

"ನಮ್ಮನೆಯವರು ಮನೇಲಿ ಮಾತಿಗೆ ಸಿಗಲ್ಲ ಅಂತ ಬರಿ" ಎಂದಳು ಹೇಮಲತಾ.